ಮೀಟರಿಗೇನು ಗೊತ್ತು ಜೀಪಿನ ಕಷ್ಟ

ಹಳೇ ಜೀಪು ನೋಡಲು ಹೋಗುವವರು ಬಿಳಿ ಅಂಗಿ ತೊಟ್ಟು ಹೋಗಬಾರದು. ಈ ಮಾತು ಯಾವ ಪುಸ್ತಕದಲ್ಲೂ ಇಲ್ಲ. ನನ್ನ ಅಂಗಿಯ ಬೆನ್ನ ಮೇಲೆ ಗ್ರೀಸಿನಲ್ಲಿ ಬರೆದಿದೆ. ಭಾವನಿಗೆ ತೋಟದ ಓಡಾಟಕ್ಕೊಂದು ಜೀಪು ಬೇಕಿತ್ತು. ಸಕಲೇಶಪುರದ ಹತ್ತಿರ ಒಂದಿದೆ ಎಂದು ಯಾರೋ ಹೇಳಿದರು. ನನಗೂ ಜೀಪಿಗೂ ಇರುವ ನಂಟು ಹಿಂದಿನ ಸೀಟಿನಲ್ಲಿ ಕಂಬಿ ಹಿಡಿದು ಕುಳಿತದ್ದಷ್ಟೇ. ಆದರೂ ಭಾವ ನನ್ನನ್ನು ಬಿಡಲಿಲ್ಲ. ನಾನು ಕನ್ನಡಕ ಏರಿಸಿಕೊಂಡು ಮಾತಾಡದೆ ನಿಂತರೆ ಮಾರುವವರು ಹೆದರಿ ಬೆಲೆ ಇಳಿಸುತ್ತಾರೆಂಬುದು ಅವನ ನಂಬಿಕೆ. ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಹೇಳಿದವನಿಗೆ ಕೊನೆಗೆ ಸಿಕ್ಕ ಉಪಯೋಗ ಇದು.

ಜೊತೆಗೆ ಬಂದಿದ್ದ ನಮ್ಮೂರ ಮೆಕ್ಯಾನಿಕ್ ಗೋಣಿಚೀಲ ಹಾಸಿ ಗಾಡಿಯ ಅಡಿಗೆ ನುಸುಳಿದರು. "ನೀವೂ ಬನ್ನಿ ಸಾರ್, ಕಣ್ಣಾರೆ ನೋಡಿ" ಎಂದರು. ತೋರಿಕೆಯ ಗಾಂಭೀರ್ಯಕ್ಕೆ ಭಂಗ ಬರಬಾರದೆಂದು ನಾನೂ ನುಸುಳಿದೆ. ಒಳಗೆ ಹೋಗುವಾಗ ಉಸಿರು ಬಿಗಿಹಿಡಿದಿದ್ದೆ, ಬರುವಾಗ ಹೊಟ್ಟೆ ಒಪ್ಪಲಿಲ್ಲ. ಹಾಗೆ ಸಿಕ್ಕಿಕೊಂಡು ಅಂಗಾತ ಮಲಗಿದ್ದ ಹೊತ್ತಿನಲ್ಲೇ ನನ್ನ ಜೀಪು ವಿದ್ಯಾಭ್ಯಾಸ ನಡೆದದ್ದು. ಮೇಲೆ ದಲ್ಲಾಳಿಯ ಚಪ್ಪಲಿಗಳು ಅತ್ತಿಂದಿತ್ತ ಓಡಾಡುತ್ತಿದ್ದವು. ಅವುಗಳ ಚಡಪಡಿಕೆಯಿಂದಲೇ ಮೆಕ್ಯಾನಿಕ್ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆಂದು ತಿಳಿಯುತ್ತಿತ್ತು.

ದಲ್ಲಾಳಿ ಮೊದಲು ತೋರಿಸಿದ್ದು ಮೀಟರನ್ನು. "ನಲವತ್ತು ಸಾವಿರ ಓಡಿದೆ ಅಷ್ಟೇ, ಒಂದೇ ಕೈ" ಎಂದ. ಹಳೇ ಜೀಪುಗಳ ಮೀಟರಿಗೆ ಐದೇ ಮನೆ. 99,999 ಆದಮೇಲೆ ಅದು ಮತ್ತೆ ಸೊನ್ನೆಗೆ ಬಂದು ಹೊಸ ಬಾಳು ಶುರುಮಾಡುತ್ತದೆ. ಈ ಭಾಗ್ಯ ಮನುಷ್ಯರಿಗಿಲ್ಲ. ನಡುವೆ ಮೀಟರಿನ ಕೇಬಲ್ಲು ತುಂಡಾಗಿ ಗಾಡಿ ವರ್ಷಗಟ್ಟಲೆ ಲೆಕ್ಕವಿಲ್ಲದೆ ಓಡಿರುವುದೂ ಉಂಟು. ಕ್ಲಚ್ಚಿನ ಪೆಡಲಿನ ರಬ್ಬರು ಸವೆದು ಕಬ್ಬಿಣ ಹೊಳೆಯುತ್ತಿದ್ದರೆ, ಸ್ಟೇರಿಂಗ್ ಹಿಡಿಯುವ ಜಾಗ ನುಣುಪಾಗಿದ್ದರೆ ಮೀಟರನ್ನು ನಂಬುವ ಅಗತ್ಯವಿಲ್ಲ.

ಮೀಟರು ಪ್ರಾಮಾಣಿಕವಾಗಿದ್ದರೂ ಅದು ಎಣಿಸುವುದು ಚಕ್ರ ಉರುಳಿದ ದೂರವನ್ನು, ಎಂಜಿನ್ ಪಟ್ಟ ಪಾಡನ್ನಲ್ಲ. ಕೊಡಚಾದ್ರಿಗೋ ಮಾಂದಲಪಟ್ಟಿಗೋ ಜೀಪಿನಲ್ಲಿ ಹೋದವರು ನೆನಪು ಮಾಡಿಕೊಳ್ಳಿ. ನಮ್ಮ ಸೊಂಟಕ್ಕೂ ಸೀಟಿಗೂ ನಡುವೆ ಜಗಳ ಹತ್ತಿರುತ್ತದೆ, ಎಂಜಿನ್ ಹೋ ಎಂದು ಕೂಗುತ್ತಿರುತ್ತದೆ, ಪಕ್ಕದಲ್ಲಿ ನಡೆದು ಹೋಗುವವರು ನಮ್ಮನ್ನು ಹಿಂದೆ ಹಾಕಿರುತ್ತಾರೆ. ಲೋ ಗೇರಿಗೆ ಹಾಕಿದರೆ ಅಷ್ಟೇ ದೂರಕ್ಕೆ ಎಂಜಿನ್ ಸುಮಾರು ಎರಡೂವರೆ ಪಟ್ಟು ಹೆಚ್ಚು ಸುತ್ತಬೇಕು. ಅದಕ್ಕೇ ಹೆದ್ದಾರಿಯಲ್ಲಿ ಎರಡು ಲಕ್ಷ ಕಿಲೋಮೀಟರು ಓಡಿದ ಗಾಡಿ, ಗುಡ್ಡದ ಕೊರಕಲಿನಲ್ಲಿ ಐವತ್ತು ಸಾವಿರ ಓಡಿದ್ದಕ್ಕಿಂತ ಗಟ್ಟಿಯಾಗಿರಬಹುದು. "ಎಷ್ಟು ಓಡಿದೆ" ಎನ್ನುವ ಬದಲು "ಎಲ್ಲಿ ಓಡಿದೆ, ಯಾರು ಓಡಿಸಿದರು" ಎಂದು ಕೇಳಬೇಕು. ದಲ್ಲಾಳಿಯನ್ನಲ್ಲ, ಆ ಊರಿನ ಚಹದಂಗಡಿಯಲ್ಲಿ ಕೇಳಿದರೆ ಗಾಡಿ ಯಾವ ಹಳ್ಳದಲ್ಲಿ ಎಷ್ಟು ಹೊತ್ತು ಮುಳುಗಿತ್ತೆಂಬುದೂ ಗೊತ್ತಾಗುತ್ತದೆ.

ಇಷ್ಟೆಲ್ಲ ಕಷ್ಟವಿದ್ದೂ ಜನ ಯಾಕೆ ಹಳೇ ಜೀಪಿನ ಹಿಂದೆ ಬೀಳುತ್ತಾರೆ? ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿದ ಮೇಲೆ ಮಲೆನಾಡಿನ ಎಷ್ಟೋ ಕುಟುಂಬಗಳಲ್ಲಿ ಜೀಪು ಮನೆಯ ಹಿರಿಯನಾಗಿಬಿಟ್ಟಿತು. ಹೆರಿಗೆಗೆ, ಮದುವೆಗೆ, ಗೊಬ್ಬರಕ್ಕೆ, ಕಾಫಿ ಮೂಟೆಗೆ, ಎಲ್ಲಕ್ಕೂ ಅದೇ. ಪೇಟೆಯವರ ಕಥೆ ಬೇರೆ. 1985ರಲ್ಲಿ ಮಾರುತಿ ಜಿಪ್ಸಿ ಬಂತು, 2010ರಲ್ಲಿ ಥಾರ್ ಬಂತು. ಮನೆಯೆದುರಿನ ಹಂಪು ದಾಟುವುದೇ ಜೀವನದ ದೊಡ್ಡ ಏರು ಎಂಬಂಥವರಿಗೂ ನಾಲ್ಕೂ ಚಕ್ರ ಎಳೆಯುವ ಗಾಡಿ ಬೇಕೆನಿಸಿತು. ನಗುವಂತಿಲ್ಲ, ನನ್ನ ಬಳಿಯೂ ಓದದ ಎಷ್ಟೋ ಪುಸ್ತಕಗಳಿವೆ.

ಎಲ್ಲಿಗೋ ಹೋದೆ, ಗಾಡಿ ಅಡಿಯಲ್ಲಿದ್ದೆ ತಾನೆ? ಮೆಕ್ಯಾನಿಕ್ ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟುತ್ತ ಹೋದರು. ಗಟ್ಟಿ ಕಬ್ಬಿಣ ಕಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಡಬ್ ಎನ್ನುತ್ತದೆ. ಚಾಸಿಯ ಒಳಗೆ ಸೇರಿದ ಕೆಸರು ಮಳೆಗಾಲವಿಡೀ ಒದ್ದೆಯಾಗಿಯೇ ಇದ್ದು ಒಳಗಿನಿಂದ ತಿನ್ನುತ್ತದೆ. ಕರಾವಳಿಯ ಗಾಡಿಯಾದರೆ ಉಪ್ಪುಗಾಳಿಯೂ ಕೈಜೋಡಿಸಿರುತ್ತದೆ. ಇಡೀ ಗಾಡಿ ಹಳತಾಗಿದ್ದು ಅಡಿಭಾಗಕ್ಕೆ ಮಾತ್ರ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಆ ಬಣ್ಣ ಏನನ್ನೋ ಮುಚ್ಚಿದೆ ಎಂದೇ ಅರ್ಥ. ಲೀಫ್ ಸ್ಪ್ರಿಂಗಿನ ಯಾವುದಾದರೂ ಪ್ಲೇಟು ಮುರಿದಿದೆಯೇ, ಚಾಸಿಗೆ ತೇಪೆ ವೆಲ್ಡಿಂಗ್ ಆಗಿದೆಯೇ ಎಂಬುದೂ ಮಲಗಿದರೆ ಮಾತ್ರ ಕಾಣುತ್ತದೆ. ಮೇಲಿನ ತಗಡಿಗೆ ಸುಲಭ ಪರೀಕ್ಷೆಯಿದೆ: ಒಂದು ಅಯಸ್ಕಾಂತ. ನಾನು ಮನೆಯ ಫ್ರಿಜ್ಜಿನ ಬಾಗಿಲಿನಿಂದ ಗಣಪತಿಯನ್ನು ಕಿತ್ತು ತಂದಿದ್ದೆ. ಬಾನೆಟ್ಟಿಗೆ ಗಟ್ಟಿಯಾಗಿ ಅಂಟಿದ ವಿಘ್ನನಿವಾರಕ ಎಡ ಮಡ್‌ಗಾರ್ಡಿನಲ್ಲಿ ನಿಲ್ಲದೆ ಜಾರಿಬಿದ್ದ. ಅಲ್ಲಿ ತಗಡಿಗಿಂತ ಪುಟ್ಟಿಯೇ ಹೆಚ್ಚಿತ್ತು.

ಆಕ್ಸಲ್ ಹೌಸಿಂಗಿನ ಪ್ಲಗ್ ಬಿಚ್ಚಿದರೆ ಬೆರಳಿಗೆ ಎಣ್ಣೆ ಹತ್ತಬೇಕು. ಅದು ಹಾಲು ಬೆರೆಸಿದ ಕಾಫಿಯಂತಿದ್ದರೆ ಹೊಳೆಯ ನೀರು ಒಳಗೆ ಹೊಕ್ಕಿದೆ, ಬೇರಿಂಗು ಕ್ರೌನುಗಳ ಆಯುಸ್ಸು ಕಡಿಮೆಯಾಗಿದೆ. ಸೀಟಿನ ಅಡಿಯಲ್ಲಿ, ಹೆಡ್‌ಲೈಟಿನ ಒಳಗೆ ನವುರಾದ ಕೆಸರಿನ ಗೆರೆ ಇದ್ದರೆ ಅದೂ ಇದೇ ಕಥೆ ಹೇಳುತ್ತದೆ. ಮುಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಲೊಡಲೊಡ ಎಂದರೆ ಕಿಂಗ್ ಪಿನ್ನೋ ಬೇರಿಂಗೋ ಸವೆದಿದೆ. ಅಂಥ ಗಾಡಿ ನಲವತ್ತು ಐವತ್ತರ ವೇಗದಲ್ಲಿ ಸಣ್ಣ ಗುಂಡಿಗೆ ಇಳಿದರೂ ಸ್ಟೇರಿಂಗ್ ಭೂತ ಬಂದಂತೆ ನಡುಗೀತು.

ಎಂಜಿನ್ನಿನ ವಿಷಯಕ್ಕೆ ಬಂದರೆ, ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ನೀವು ಹೋಗುವಷ್ಟರಲ್ಲಿ "ನಿಮಗೋಸ್ಕರ ಬೆಳಿಗ್ಗೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದೆ ಸಾರ್" ಎಂದರೆ ಆ ಉಪಚಾರಕ್ಕೆ ಕರಗಬೇಡಿ. ಬಾನೆಟ್ ಆರುವವರೆಗೆ ಕಾಫಿ ಕುಡಿಯುತ್ತ ಕೂರಿ. ಜೀಪನ್ನು ಇಳಿಜಾರಿಗೆ ಮುಖಮಾಡಿ ನಿಲ್ಲಿಸಿದ್ದರೆ ಅದು ಸೊಗಸಿಗಲ್ಲ, ಬ್ಯಾಟರಿಯೋ ಸ್ಟಾರ್ಟರೋ ಕೈಕೊಟ್ಟಿರುತ್ತದೆ. ಓಡುತ್ತಿರುವ ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆದಾಗ ಬುಸುಬುಸು ಹೊಗೆ ಎದ್ದರೆ ರಿಂಗುಗಳು ಸವೆದಿವೆ. ಸೈಲೆನ್ಸರಿನ ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ, ಕಪ್ಪು ಎಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಎಂಜಿನ್ನಿನೊಳಗೆ ಹೋಗುತ್ತಿರಬಹುದು.

ಫೋರ್ ವೀಲ್ ಲಿವರನ್ನು ಎಳೆದು "ನೋಡಿ, ಬೀಳುತ್ತೆ" ಎಂದು ತೋರಿಸುವುದು ಪರೀಕ್ಷೆಯಲ್ಲ. ಕೆಸರೋ ಜಲ್ಲಿಯೋ ಇರುವ ಕಡೆ ಓಡಿಸಿ, ಮುಂದಿನ ಚಕ್ರ ನಿಜವಾಗಿ ಎಳೆಯುತ್ತದೆಯೇ, ಏರಿನಲ್ಲಿ ಗೇರು ತಾನಾಗಿ ಕಳಚಿಕೊಳ್ಳುತ್ತದೆಯೇ ನೋಡಬೇಕು. ಒಣ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ತಿರುಗಿಸುವಂತಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಜಾರಲು ಜಾಗವಿಲ್ಲದೆ ಆ ಹಟವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ನಾಲ್ಕು ಟೈರು ನಾಲ್ಕು ಅಳತೆಯವಾದರೂ ಇದೇ ಗತಿ.

ಇನ್ನು ಕಾಗದ. ಕಬ್ಬಿಣಕ್ಕೆ ತೇಪೆ ಹಾಕಬಹುದು, ಆರ್‌ಸಿಗೆ ಹಾಕಲಾಗುವುದಿಲ್ಲ. ಚಾಸಿಯಲ್ಲಿ ಕೊರೆದ ನಂಬರನ್ನು ಬಟ್ಟೆಯಲ್ಲಿ ಒರೆಸಿ, ಆರ್‌ಸಿಯೊಂದಿಗೆ ಅಕ್ಷರ ಅಕ್ಷರ ತಾಳೆ ನೋಡಿ. ಹಳೇ ಜೀಪುಗಳಿಗೆ ಎಂಜಿನ್ ಬದಲಾಯಿಸುವುದು ಸಾಮಾನ್ಯ. ಹೊಸ ನಂಬರು ಆರ್‌ಸಿಯಲ್ಲಿ ಏರಿರಬೇಕು. ಸ್ವಂತ ಬಳಕೆಯ ಗಾಡಿಗೆ ಹದಿನೈದು ವರ್ಷ ತುಂಬಿದ ಮೇಲೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಸಾಲವಿದ್ದರೆ ತೀರಿದ ಪತ್ರ, ಬೇರೆ ರಾಜ್ಯದ್ದಾದರೆ ಎನ್‌ಒಸಿ, ಹೆಸರು ಬದಲಾವಣೆಗೆ 29 ಮತ್ತು 30ನೇ ನಮೂನೆ ಕೈಯಲ್ಲಿರಲಿ. ಮುಂದೆ ಕಬ್ಬಿಣದ ದಪ್ಪ ಬಂಪರ್ ಗಾರ್ಡು ಕಂಡು ಮರುಳಾಗಬೇಡಿ, 2017ರ ಡಿಸೆಂಬರಿನಲ್ಲೇ ಕೇಂದ್ರ ಸರ್ಕಾರ ಅದನ್ನು ಬೇಡವೆಂದಿದೆ. ಮಿಲಿಟರಿ ಹಸಿರು ಬಣ್ಣವೂ ಅಷ್ಟೇ. ಆ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಎಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ. ಭಾವ ಅದೇ ಬಣ್ಣ ಬಳಿಸುವ ಕನಸು ಕಂಡಿದ್ದ. ಸುದ್ದಿ ಕೇಳಿ ಒಂದು ದಿನ ಊಟ ಬಿಟ್ಟ.

ಸಕಲೇಶಪುರದ ಜೀಪು ಚಾಸಿಯಲ್ಲೇ ಬಿದ್ದುಹೋಯಿತು. ಆಮೇಲೆ ಭಾವ ಮೂಡಿಗೆರೆ ಕಡೆಯಿಂದ ಒಂದನ್ನು ತಂದ. ಅದು ಆಯಿಲ್ ತಿನ್ನುತ್ತದೆ, ಬ್ರೇಕಿಗೆ ಮೊದಲೇ ಅರ್ಜಿ ಹಾಕಬೇಕು. ಆದರೆ ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ, ಅದನ್ನೆಲ್ಲ ರಿಪೇರಿ ಮಾಡಿಸಬಹುದು. ಆದ್ದರಿಂದ ಓದುಗರಲ್ಲಿ ನನ್ನದೊಂದೇ ವಿನಂತಿ. ಕೈಯಲ್ಲಿರುವ ಹಣವನ್ನೆಲ್ಲ ಗಾಡಿಗೇ ಸುರಿಯದೆ ಒಂದು ಪಾಲು ರಿಪೇರಿಗೆ ತೆಗೆದಿಡಿ. ಚಾಸಿ ಗಟ್ಟಿಯಿದ್ದು ಕಾಗದ ಸರಿಯಿದ್ದರೆ ಕಿಲೋಮೀಟರು ಎಷ್ಟಾಗಿದ್ದರೂ ಕೊಳ್ಳಿ. ಎರಡರಲ್ಲಿ ಒಂದು ಇಲ್ಲದಿದ್ದರೂ ದಲ್ಲಾಳಿ ಕೊಡಿಸಿದ ಕಾಫಿ ಕುಡಿದು ಬಸ್ಸು ಹತ್ತಿ.