ಕಡತಕ್ಕೆ ಚಳಿಯಿಲ್ಲ

ಬ್ರಿಟಿಷ್ ನೌಕಾದಳದ ಕೇಂದ್ರ ಕಚೇರಿಯಾದ ಲಂಡನ್ನಿನ ಅಡ್ಮಿರಾಲ್ಟಿಯ ಚುರುಕುತನವನ್ನು ಮೆಚ್ಚಲೇಬೇಕು. ಎರಡನೇ ಮಹಾಯುದ್ಧದ ನಡುವೆ, 1942ರ ಜುಲೈ 4ರ ರಾತ್ರಿ ಅದು 25 ನಿಮಿಷದಲ್ಲಿ ಮೂರು ಆದೇಶ ಕಳಿಸಿತು. ಬೆಂಗಾವಲಿನ ಕ್ರೂಸರುಗಳು ಪಶ್ಚಿಮಕ್ಕೆ ವಾಪಸ್ಸಾಗಲಿ. ಸರಕು ಹಡಗುಗಳು ಬೇರೆಬೇರೆಯಾಗಿ ರಷ್ಯಾದ ಬಂದರು ಸೇರಲಿ. ಮೂರನೆಯದು ಇನ್ನೂ ಚುಟುಕು: ಚದುರಿ!

ಚದುರಬೇಕಾದದ್ದು ಪಿಕ್ಯೂ-17. ಐಸ್‌ಲ್ಯಾಂಡಿನಿಂದ ಸ್ಟಾಲಿನ್ನನ ಸೈನ್ಯಕ್ಕೆ ಟ್ಯಾಂಕು, ವಿಮಾನ, ಲಾರಿ ಹೊತ್ತು ಹೊರಟ ಮೂವತ್ತಕ್ಕೂ ಹೆಚ್ಚು ಹಡಗುಗಳ ಸಾಲು. ಟಿರ್ಪಿಟ್ಸ್ ಎಂಬ ಜರ್ಮನ್ ಯುದ್ಧನೌಕೆಯ ಗುಮ್ಮ ಬರುತ್ತಿದೆಯೆಂದು ನೌಕಾದಳದ ಮುಖ್ಯಸ್ಥ ಅಡ್ಮಿರಲ್ ಡಡ್ಲಿ ಪೌಂಡ್ ಅವರಿಗೆ ಗುಮಾನಿ. ಗುಮ್ಮ ಆಗ ನಾರ್ವೆಯ ಕೊಲ್ಲಿಯಲ್ಲಿ ಲಂಗರು ಹಾಕಿ ಕೂತಿತ್ತು. ಮರುದಿನ ಹೊರಟು, ಕೆಲವೇ ಗಂಟೆಗಳಲ್ಲಿ ಹಿಂದಿರುಗಿತು. ಅದು ಗುಂಡು ಹಾರಿಸಬೇಕಾದ ಅಗತ್ಯವೇ ಬೀಳಲಿಲ್ಲ. ಸೂರ್ಯ ಮುಳುಗದ ಆ ಆರ್ಕ್ಟಿಕ್ ಕಡಲಲ್ಲಿ ಒಂಟಿ ಹಡಗುಗಳನ್ನು ಹುಡುಕಿ ಹೊಡೆಯಲು ಜಲಾಂತರ್ಗಾಮಿ, ವಿಮಾನಗಳೇ ಸಾಕಾದವು. ಒಟ್ಟು 24 ಹಡಗು, 430 ಟ್ಯಾಂಕು, 210 ವಿಮಾನ ತಳ ಸೇರಿದವು. ಸರಕು ಹಡಗುಗಳ 153 ನಾವಿಕರೂ ಸತ್ತರು. ಸರಕಿನ ಪಟ್ಟಿ ಮುಗಿದ ಮೇಲೆ ಅವರ ಲೆಕ್ಕ.

ಆದೇಶವನ್ನು ಸರಿಯಾಗಿ ಓದಿಕೊಂಡವನು ಒಬ್ಬನೇ: ಬೆಂಗಾವಲಿಗಿದ್ದ ಏರ್‌ಶೈರ್ ಎಂಬ ಸಣ್ಣ ಟ್ರಾಲರಿನ ಕಪ್ತಾನ ಲಿಯೋ ಗ್ರಾಡ್‌ವೆಲ್, ವೃತ್ತಿಯಲ್ಲಿ ವಕೀಲ. ಚದುರಿ ಎಂದಾಗ ಈತ ಮೂರು ಸರಕು ಹಡಗುಗಳನ್ನು ಒಟ್ಟುಗೂಡಿಸಿಕೊಂಡು ಹಿಮಗಡ್ಡೆಗಳ ನಡುವೆ ನುಗ್ಗಿದ. ಹಡಗುಗಳಿಗೆ ಬಿಳಿ ಬಣ್ಣ ಬಳಿಸಿ ಅಡಗಿಸಿಟ್ಟ. ನಾಲ್ಕೂ ಅರ್ಖಾಂಗೆಲ್ಸ್ಕ್ ತಲುಪಿದವು. ಕಾನೂನು ಓದಿದವನಿಗೆ ಯಾವ ಆದೇಶವನ್ನು ಎಷ್ಟು ಪಾಲಿಸಬೇಕೆಂಬುದು ಗೊತ್ತಿರುತ್ತದೆ.

ಮುಳುಗಿದವರು ಒಂದು ವಿಷಯದಲ್ಲಿ ಪುಣ್ಯವಂತರು. 1941ರವರೆಗೆ ಹಡಗು ಮುಳುಗಿದ ದಿನವೇ ಬ್ರಿಟಿಷ್ ವ್ಯಾಪಾರಿ ನಾವಿಕನ ಸಂಬಳವೂ ನಿಲ್ಲುತ್ತಿತ್ತು. ಹಡಗೇ ಇಲ್ಲದ ಮೇಲೆ ಕೆಲಸವೆಲ್ಲಿ? ಲೈಫ್‌ಬೋಟಿನಲ್ಲಿ ಹುಟ್ಟು ಹಾಕುವುದು ಅವನ ಖಾಸಗಿ ಹವ್ಯಾಸ. ಮರುವರ್ಷ ಸತ್ತವರಿಗೆ ಈ ಅವಮಾನವಾದರೂ ತಪ್ಪಿತು.

ಬದುಕಿ ಉಳಿದವರ ಎದೆಗೆ ಬ್ರಿಟನ್ನಿನ ಆರ್ಕ್ಟಿಕ್ ಸ್ಟಾರ್ ಪದಕ ಬಂದದ್ದು 2013ರಲ್ಲಿ. ಅದಕ್ಕೂ ಮುಂಚೆ ರಷ್ಯಾ ತನ್ನ ಉಷಕೋವ್ ಪದಕ ಕೊಡುತ್ತೇನೆಂದಾಗ ಲಂಡನ್ ಅಡ್ಡ ಬಂದಿತ್ತು. ಪರದೇಶದ ಪದಕ ಬೇಕೆಂದರೆ ಸೇವೆ ಕಳೆದ ಐದು ವರ್ಷದೊಳಗಿನದಾಗಿರಬೇಕೆಂದು ನಿಯಮ ಹೇಳುತ್ತಿತ್ತಂತೆ. ತೊಂಬತ್ತು ಸಮೀಪಿಸಿದ ಮುದುಕರು ಹಿಮಸಮುದ್ರಕ್ಕೆ ಇನ್ನೊಮ್ಮೆ ಹೋಗಿಬಂದಿದ್ದರೆ ಅರ್ಜಿ ಊರ್ಜಿತವಾಗುತ್ತಿತ್ತು. 2013ರಲ್ಲಿ ನಿಯಮ ಸಡಿಲವಾಯಿತು. ಅಷ್ಟು ಹೊತ್ತಿಗೆ ಅರ್ಹರಲ್ಲಿ ಬಹುಪಾಲು ಮಂದಿ ಕಾಲವಾಗಿ, ಇಲಾಖೆಯ ಮೇಲಿನ ಕೆಲಸದ ಹೊರೆಯನ್ನು ತಾವಾಗಿಯೇ ಇಳಿಸಿದ್ದರು.