ಸೀಟು ಸಿಕ್ಕಿತು, ರೋಗಿ ಸಿಗಲಿಲ್ಲ

ನರ್ಸ್ ಆಗಬೇಕೆಂದೇ ಪಿಯುಸಿ ಸೈನ್ಸ್ ಸೇರುವವರನ್ನು ನಮ್ಮ ನಾಡಿನಲ್ಲಿ ದೀಪ ಹಿಡಿದು ಹುಡುಕಬೇಕು. ಅರ್ಜಿ ತುಂಬುವ ದಿನ ಎಲ್ಲರೂ ಡಾಕ್ಟರೇ. ನೀಟ್ ಫಲಿತಾಂಶ ಬಂದ ಸಂಜೆ ಆ ಡಾಕ್ಟರು ದಂತವೈದ್ಯರಾಗುತ್ತಾರೆ. ಡೆಂಟಲ್ ಫೀಸು ಕೇಳಿದ ಮೇಲೆ ಮನೆಮಂದಿಗೆಲ್ಲ ಆಯುರ್ವೇದದ ಮೇಲೆ ಏಕಾಏಕಿ ಅಭಿಮಾನ ಉಕ್ಕಿ, ಚರಕ ಸುಶ್ರುತರ ಹೆಸರು ಊಟದ ಹೊತ್ತಿನಲ್ಲಿ ಬರತೊಡಗುತ್ತದೆ. ಅದೂ ಕೈತಪ್ಪಿ, ಫಾರ್ಮಸಿ, ಫಿಸಿಯೋಥೆರಪಿ, ಬಿಎಸ್ಸಿ ಅಗ್ರಿ ಎಂದು ಎಲ್ಲ ಬಾಗಿಲು ತಟ್ಟಿ ಬಂದ ಮೇಲೆ, ಒಂದು ಮಳೆಗಾಲದ ಮಧ್ಯಾಹ್ನ ಸೋದರಮಾವ ಕಾಫಿ ಲೋಟ ಕೆಳಗಿಟ್ಟು, "ನರ್ಸಿಂಗ್ ಆದ್ರೂ ಮಾಡ್ಸಿ ಭಾವ, ಖಾಲಿ ಕೂರೋದಕ್ಕಿಂತ ವಾಸಿ" ಎನ್ನುತ್ತಾನೆ.

ನಾಳೆ ಐಸಿಯುನಲ್ಲಿ ನಮ್ಮ ನಿಮ್ಮ ಉಸಿರಿನ ಕೊಳವೆ ಕಾಯುವವರ ಆಯ್ಕೆ ಶುರುವಾಗುವುದು ಹೀಗೆ.

ಸೋದರತ್ತೆಯ ಒಪ್ಪಿಗೆ ಮಾತ್ರ ಅಷ್ಟು ಸುಲಭವಲ್ಲ. "ನರ್ಸಾ? ರಾತ್ರಿ ಡ್ಯೂಟಿ ಮಾಡೋ ಹುಡುಗೀನ ಯಾರಪ್ಪಾ ಮದುವೆ ಆಗ್ತಾರೆ?" ಎಂದು ಅವರು ಮೂಗು ಮುರಿಯುತ್ತಾರೆ. ಅಷ್ಟರಲ್ಲಿ ಯಾರೋ ಜರ್ಮನಿಯ ಹೆಸರೆತ್ತುತ್ತಾರೆ. ಅಲ್ಲಿ ನರ್ಸ್‌ಗಳೇ ಸಿಗುತ್ತಿಲ್ಲವಂತೆ, ಸಂಬಳ ಯೂರೋದಲ್ಲಂತೆ. ಅತ್ತೆಯ ಮೂಗು ತಕ್ಷಣ ಸ್ವಸ್ಥಾನಕ್ಕೆ ಮರಳುತ್ತದೆ. "ನಮ್ಮ ಮೈದುನನ ಮಗ ಇದಾನೆ. ಗಂಡನಿಗೂ ವೀಸಾ ಕೊಡ್ತಾರಾ ಕೇಳಿ." ಅಲ್ಲಿ ಕೆಲಸಕ್ಕೆ ಜರ್ಮನ್ ಭಾಷೆಯನ್ನು ಬಿ2 ಮಟ್ಟಕ್ಕೆ ಕಲಿತಿರಬೇಕು, ಅಮೆರಿಕಕ್ಕಾದರೆ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗಬೇಕು ಎಂದು ಹೇಳಲು ಹೋದವರನ್ನು ಅಪಶಕುನದವರೆಂದು ಬದಿಗೆ ಕೂರಿಸಲಾಗುತ್ತದೆ. ರೋಗಿಯ ಸೇವೆ ಮಾಡಬೇಕಾಗುತ್ತದೆ ಎಂಬ ಮಾತು ಈ ಸಭೆಯಲ್ಲಿ ಒಮ್ಮೆಯೂ ಬರುವುದಿಲ್ಲ.

ಇಷ್ಟಾದ ಮೇಲೆ ಸೀಟು ಸುಮ್ಮನೆ ಸಿಗುತ್ತದೆ ಎಂದುಕೊಳ್ಳಬೇಡಿ. ಹಿಂದೆಲ್ಲ ಪಿಯುಸಿ ಅಂಕಪಟ್ಟಿ ಹಿಡಿದು ಹೋದರೆ ಸಾಕಿತ್ತು. 2023ರಿಂದ ಬಿಎಸ್ಸಿ ನರ್ಸಿಂಗ್ ಕೂಡ ಸಿಇಟಿ ವ್ಯಾಪ್ತಿಗೆ ಬಂದಿದೆ. ಭೌತ, ರಸಾಯನ, ಜೀವಶಾಸ್ತ್ರ ಬರೆದು ರ್‍ಯಾಂಕ್ ತರಬೇಕು. ಆಮೇಲೆ ದಾಖಲೆಗಳ ಮೆರವಣಿಗೆ: ಜಾತಿ ಆದಾಯಕ್ಕೆ ಆರ್‌ಡಿ ನಂಬರ್, ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲೇ ಓದಿದ್ದಕ್ಕೆ ಸರ್ಟಿಫಿಕೇಟ್, ಅದರ ಮೇಲೆ ಬಿಇಒ ಸಹಿ, ಕನ್ನಡ ಮಾಧ್ಯಮಕ್ಕೆ ಇನ್ನೊಂದು, ಕಲ್ಯಾಣ ಕರ್ನಾಟಕದವರಾದರೆ 371(ಜೆ)ಗೆ ಮತ್ತೊಂದು. ಹುಡುಗಿ ನರ್ಸ್ ಆಗುವ ಮೊದಲೇ ಅವಳ ಅಪ್ಪ ತಾಲ್ಲೂಕು ಕಚೇರಿಯ ಪಾಲಿಗೆ ದೀರ್ಘಕಾಲದ ರೋಗಿಯಾಗಿರುತ್ತಾನೆ.

ಸೀಟು ಹಂಚಿಕೆಯಾದ ಮೇಲೆ ಪರೀಕ್ಷಾ ಪ್ರಾಧಿಕಾರ ಒಂದು ತಾತ್ವಿಕ ಪ್ರಶ್ನೆ ಕೇಳುತ್ತದೆ: ನಿಮಗೆ ತೃಪ್ತಿಯಾಗಿದೆಯೇ? ಇದಕ್ಕೆ ನಾಲ್ಕು ಉತ್ತರಗಳಿವೆ. ಚಾಯ್ಸ್ ಒಂದು, ತೃಪ್ತಿಯಾಗಿದೆ, ಸೇರುತ್ತೇನೆ. ಚಾಯ್ಸ್ ಎರಡು, ತೃಪ್ತಿಯಾಗಿದೆ, ಆದರೂ ಇನ್ನೂ ಒಳ್ಳೆಯದು ಸಿಕ್ಕರೆ ನೋಡೋಣ. ಚಾಯ್ಸ್ ಮೂರು, ತೃಪ್ತಿಯಾಗಿಲ್ಲ, ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ಚಾಯ್ಸ್ ನಾಲ್ಕು, ನನ್ನನ್ನು ಬಿಟ್ಟುಬಿಡಿ. ಮನುಷ್ಯನ ಆಸೆಯನ್ನು ಇಷ್ಟು ಚೊಕ್ಕವಾಗಿ ವಿಂಗಡಿಸಿದ ಇನ್ನೊಂದು ಸರ್ಕಾರಿ ಕಡತ ನನಗೆ ಗೊತ್ತಿಲ್ಲ. ನಮ್ಮ ಜನ ಸ್ವಭಾವತಃ ಚಾಯ್ಸ್ ಎರಡರವರು. ಅದನ್ನು ಒತ್ತಿ, ಪ್ರಾಧಿಕಾರದ ಕಚೇರಿಯಿರುವ ಮಲ್ಲೇಶ್ವರದ ಸಂಪಿಗೆ ರಸ್ತೆಯ ಕಡೆ ಮುಖ ಮಾಡಿ ಕೈ ಮುಗಿದು ಕೂರುತ್ತಾರೆ.

ಆ ಹೊತ್ತಿಗೆ ಸರಿಯಾಗಿ ಫೋನ್ ಬರುತ್ತದೆ.

ಏಜೆಂಟರಿಗೆ ನಂಬರ್ ಎಲ್ಲಿಂದ ಸಿಗುತ್ತದೆಂದು ಕೇಳಬಾರದು. ಹುಡುಗಿಯ ಅಂಕ, ಅಪ್ಪನ ಜಮೀನು, ಅಮ್ಮನ ಒಡವೆ, ಮೂರೂ ಅವರಿಗೆ ಗೊತ್ತು. "ಯಜಮಾನ್ರೇ, ಪಿಸಿಬಿ, ಇಂಗ್ಲಿಷ್ ಸೇರಿ 45 ಪರ್ಸೆಂಟ್ ಇದೆ ತಾನೇ? ಅಷ್ಟು ಸಾಕು. ಸಿಇಟಿ ಗಿಇಟಿ ತಲೆ ಕೆಡಿಸ್ಕೋಬೇಡಿ. ಮ್ಯಾನೇಜ್‌ಮೆಂಟ್ ಸೀಟು, ಹಾಸ್ಟೆಲ್, ಯೂನಿಫಾರ್ಮು, ಎಲ್ಲಾ ಪ್ಯಾಕೇಜು. ಇವತ್ತು ಅಡ್ವಾನ್ಸ್ ಹಾಕಿದ್ರೆ ಐದು ಸಾವಿರ ಕಮ್ಮಿ." ಹಾಜರಾತಿ? "ಅದೆಲ್ಲ ನಾವು ಅಡ್ಜಸ್ಟ್ ಮಾಡ್ತೀವಿ." ಮಗಳು ಊರಲ್ಲೇ ಇದ್ದುಕೊಂಡು ಬೆಂಗಳೂರಿನಲ್ಲಿ ನರ್ಸಿಂಗ್ ಮಾಡಬಹುದು ಎಂಬ ಸೂಚನೆಯೂ ಆ ಮಾತಿನಲ್ಲಿ ಅಡಗಿರುತ್ತದೆ. ಮನೆಯಲ್ಲೇ ಕೂತು ಈಜು ಕಲಿಸುವ ಶಾಲೆಯನ್ನು ಯಾರೂ ತೆರೆದಿಲ್ಲ. ಕಲಿಯದಿದ್ದರೆ ಅಲ್ಲಿ ಮುಳುಗುವವನು ಸ್ವತಃ ವಿದ್ಯಾರ್ಥಿ. ಇಲ್ಲಿ ಮುಳುಗುವವನು ರೋಗಿಯಾದ್ದರಿಂದ ವ್ಯವಹಾರ ಸಲೀಸು.

ಈ ವ್ಯಾಪಾರದಲ್ಲಿ ಕರ್ನಾಟಕಕ್ಕೆ ಹಳೆಯ ಹೆಸರಿದೆ. ದಶಕಗಳಿಂದ ಕೇರಳದ ಮಕ್ಕಳು ಟ್ರಂಕು ಹೊತ್ತು ಬೆಂಗಳೂರು, ಮಂಗಳೂರಿನಲ್ಲಿ ಇಳಿದರು, ಇಲ್ಲಿ ಕಲಿತು ಲೋಕವೆಲ್ಲ ಹರಡಿದರು. ಅವರಿಗೆ ಕಲಿಸಿದ ಒಳ್ಳೆಯ ಸಂಸ್ಥೆಗಳಿವೆ, ಅವುಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಳ್ಳೆಯ ಹೋಟೆಲಿನ ಪಕ್ಕದಲ್ಲಿ ಅದೇ ಬಣ್ಣದ ಬೋರ್ಡು ಹಾಕುವುದು ನಮ್ಮ ಪುರಾತನ ಉದ್ಯಮ.

ಈಗ ಕಾಲೇಜು ನೋಡುವ ಶಾಸ್ತ್ರ. ಅಪ್ಪ ಅಮ್ಮ ಮಗಳು ಬಾಡಿಗೆ ಕಾರಿನಲ್ಲಿ ಬರುತ್ತಾರೆ. ಗಾಜಿನ ಕಟ್ಟಡ. ಒಳಗೆ ಎಸಿ ಹಾಕಿದ ಅಡ್ಮಿಷನ್ ಆಫೀಸು, ಗೋಡೆಯ ಮೇಲೆ ನಗುವ ಬಿಳಿಯ ನರ್ಸ್ ಒಬ್ಬಳ ಚಿತ್ರ (ಆಕೆ ಈ ಕಾಲೇಜಿನಲ್ಲಿ ಓದಿದವಳಲ್ಲ, ಈ ದೇಶದಲ್ಲೂ ಓದಿದವಳಲ್ಲ). ಅಪ್ಪ ಬಸ್ ಎಷ್ಟಿವೆ ಎಂದು ಕೇಳುತ್ತಾರೆ. ಅಮ್ಮ ಹಾಸ್ಟೆಲಿನ ಅಡುಗೆಮನೆ ನೋಡುತ್ತಾರೆ, ಸಾರಿನ ರುಚಿ ವಿಚಾರಿಸುತ್ತಾರೆ. ಮಗಳು ವೈಫೈ ಕೇಳುತ್ತಾಳೆ. ಮೂರೂ ನ್ಯಾಯವಾದ ಪ್ರಶ್ನೆಗಳೇ. ಆಮೇಲೆ ಅವರನ್ನು ಸ್ಕಿಲ್ ಲ್ಯಾಬಿಗೆ ಕರೆದೊಯ್ಯುತ್ತಾರೆ. ಅಲ್ಲಿ ಮಂಚದ ಮೇಲೆ ರಬ್ಬರಿನ ಗೊಂಬೆಯೊಂದು ಕಣ್ಣು ಬಿಟ್ಟುಕೊಂಡು ಮಲಗಿದೆ. ಆ ಸಂಸ್ಥೆಯ ಅತ್ಯಂತ ಹಿರಿಯ ಒಳರೋಗಿ ಅದೇ. ಕಾಲೇಜು ಶುರುವಾದಾಗ ಅಡ್ಮಿಟ್ ಆದದ್ದು, ಇನ್ನೂ ಡಿಸ್‌ಚಾರ್ಜ್ ಆಗಿಲ್ಲ. ಎಷ್ಟು ಚುಚ್ಚಿದರೂ ಅಳುವುದಿಲ್ಲ, ಬಿಲ್ಲಿಗೆ ಜಗಳವಾಡುವುದಿಲ್ಲ, ಅದರ ಸಂಬಂಧಿಕರು ಬಂದು ಗಾಜು ಒಡೆಯುವುದಿಲ್ಲ.

"ಆಸ್ಪತ್ರೆ ಎಲ್ಲಿ ಸಾರ್?" ಎಂದು ಅಪ್ಪಿತಪ್ಪಿ ಕೇಳಿದಿರೋ, ಸಿಬ್ಬಂದಿ ಕಿಟಕಿಯತ್ತ ಕೈ ತೋರಿಸುತ್ತಾರೆ. ದೂರದಲ್ಲಿ ಏನೋ ಒಂದು ಕಾಣುತ್ತದೆ. ಅದು ಪೇರೆಂಟ್ ಹಾಸ್ಪಿಟಲ್. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಬಿಎಸ್ಸಿ ನರ್ಸಿಂಗ್ ಕಾಲೇಜಿಗೆ 100 ಹಾಸಿಗೆಗಳ ಸ್ವಂತ ಆಸ್ಪತ್ರೆ ಇರಬೇಕು. ಕಲಿಯುವ ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳ ಲೆಕ್ಕವಿರಬೇಕು. ವರ್ಷಕ್ಕೆ 60 ಸೀಟು, ನಾಲ್ಕು ವರ್ಷದ ಕೋರ್ಸು, ಅಂದರೆ 240 ಮಕ್ಕಳು. ಎಲ್ಲರೂ ಒಟ್ಟಿಗೆ ವಾರ್ಡಿಗೆ ಹೋಗುವುದಿಲ್ಲ ಎನ್ನೋಣ. ಅರ್ಧ ಜನ ಹೋದರೂ 360 ರೋಗಿಗಳು ಬೇಕು. ಸ್ವಂತ ಆಸ್ಪತ್ರೆಯಲ್ಲಿ ಸಾಲದಿದ್ದರೆ ಬೇರೆ ಆಸ್ಪತ್ರೆಯೊಂದಿಗೆ ಒಪ್ಪಂದ ಮಾಡಿಕೊಳ್ಳಲು ಅವಕಾಶವಿದೆ. ಒಪ್ಪಂದದ ಪತ್ರ ಎಲ್ಲರ ಬಳಿಯೂ ಇರುತ್ತದೆ. ಒಂದೇ ಆಸ್ಪತ್ರೆಯ ಅದೇ ಹಾಸಿಗೆಗಳನ್ನು ಎಷ್ಟು ಕಾಲೇಜುಗಳು ತಮ್ಮವೆಂದು ತೋರಿಸಿವೆ ಎಂಬುದನ್ನು ಆ ಹಾಸಿಗೆಗಳೇ ಹೇಳಬೇಕು.

ತಪಾಸಣೆಯ ದಿನ ಮಾತ್ರ ಇಂಥ ಆಸ್ಪತ್ರೆಗಳಲ್ಲಿ ಪವಾಡ ನಡೆಯುತ್ತದೆ ಎಂದು ಈ ವಲಯದಲ್ಲಿ ಓಡಾಡುವವರು ನಗುತ್ತಾ ಹೇಳುತ್ತಾರೆ. ಬೆಳಿಗ್ಗೆ ಹತ್ತಿರದ ಹಳ್ಳಿಗೆ ಕಾಲೇಜು ಬಸ್ಸು ಹೋಗುತ್ತದೆ, ಉಚಿತ ಆರೋಗ್ಯ ತಪಾಸಣೆ, ಮಧ್ಯಾಹ್ನ ಊಟ. ಹಾಸಿಗೆಗೊಬ್ಬರಂತೆ ಹಳ್ಳಿಯ ಗಟ್ಟಿಮುಟ್ಟಾದ ಜನ ಮಲಗುತ್ತಾರೆ, ಹೆಸರಿಗೊಂದು ಕೇಸ್‌ಶೀಟ್ ಹುಟ್ಟುತ್ತದೆ. ಇನ್ಸ್‌ಪೆಕ್ಟರು ಬಂದು ಸಹಿ ಹಾಕಿ ಹೋದ ಮೇಲೆ, ಪಾಯಸ ಬಡಿಸುವ ಹೊತ್ತಿಗೆ, ಎಲ್ಲರೂ ಏಕಕಾಲಕ್ಕೆ ಗುಣಮುಖರಾಗುತ್ತಾರೆ.

ಇದನ್ನು ಉತ್ಪ್ರೇಕ್ಷೆ ಎನ್ನುವವರು ಮಧ್ಯಪ್ರದೇಶದ ಕಡೆ ನೋಡಬೇಕು. ಅಲ್ಲಿ ಹಾಸಿಗೆಯಿಲ್ಲದ, ಪಾಠ ಮಾಡುವವರಿಲ್ಲದ ನರ್ಸಿಂಗ್ ಕಾಲೇಜುಗಳ ಹಗರಣ ಹೈಕೋರ್ಟ್ ಮೆಟ್ಟಿಲೇರಿತು. ಕೋರ್ಟು ಸಿಬಿಐಗೆ ತನಿಖೆ ಒಪ್ಪಿಸಿತು. ಸಿಬಿಐ 300ಕ್ಕೂ ಹೆಚ್ಚು ಕಾಲೇಜುಗಳನ್ನು ನೋಡಿ, 169 ಸರಿಯಾಗಿವೆ ಎಂದು ವರದಿ ಕೊಟ್ಟಿತು. 2024ರ ಮೇ ತಿಂಗಳಲ್ಲಿ, ಅನುಕೂಲಕರ ವರದಿಗಾಗಿ ಲಂಚ ಪಡೆದ ಆರೋಪದ ಮೇಲೆ ಆ ತನಿಖೆಯಲ್ಲಿದ್ದ ತನ್ನದೇ ಅಧಿಕಾರಿಗಳನ್ನು ಸಿಬಿಐ ಬಂಧಿಸಿತು. ಸರಿಯಾಗಿವೆ ಎಂದವನ್ನೂ ಮತ್ತೆ ನೋಡಿ ಎಂದಿತು ಕೋರ್ಟು. ಕಳ್ಳನನ್ನು ಹಿಡಿಯಲು ಹೋದ ಪೊಲೀಸರನ್ನು ಹಿಡಿಯಲು ಪೊಲೀಸರು ಹೋದ ಕಥೆಯನ್ನು ನಮ್ಮ ಹರಟೆಗಾರರು ಕೂಡ ಕಟ್ಟಲು ಹೆದರುತ್ತಿದ್ದರು.

ಹಾಗಂತ ಮೇಲೆ ನೋಡಿಕೊಳ್ಳುವವರಿಗೆ ಬರವಿಲ್ಲ. 1947ರ ಕಾಯಿದೆಯ ದೆಹಲಿಯ ಪರಿಷತ್ತು, ನೋಂದಣಿಗೆ ರಾಜ್ಯದ ಪರಿಷತ್ತು, ಪರೀಕ್ಷೆಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಪರಿಷತ್ತಿನ ಜಾಗಕ್ಕೆ ಆಯೋಗ ತರಲು 2023ರಲ್ಲಿ ಬಂದ ಹೊಸ ಕಾಯಿದೆ. ಕಾಲೇಜಿಗೆ ಮಾನ್ಯತೆ ಕೊಡುವವರು ಯಾರು ಎಂದು 2017ರಲ್ಲಿ ಕರ್ನಾಟಕಕ್ಕೂ ದೆಹಲಿಗೂ ದೊಡ್ಡ ಜಟಾಪಟಿಯೇ ನಡೆದು, ಹೊರರಾಜ್ಯದ ಪೋಷಕರು ಕಂಗಾಲಾದರು. ಆ ಜಗಳದಲ್ಲೂ ವಾದ ನಡೆದದ್ದು ಸಹಿ ಯಾರದು ಎಂಬುದರ ಮೇಲೆ. ವಾರ್ಡಿನಲ್ಲಿ ರೋಗಿ ಇದ್ದಾನೋ ಇಲ್ಲವೋ ಎಂಬುದು ವ್ಯಾಜ್ಯದ ವಿಷಯವಾಗಿರಲಿಲ್ಲ.

ಇನ್ನು ಆಯ್ಕೆಯ ಗಳಿಗೆ. ಹುಡುಗಿಗೆ ಒಳ್ಳೆಯ ರ್‍ಯಾಂಕ್ ಬಂದು ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕಿದೆ ಎಂದಿಟ್ಟುಕೊಳ್ಳಿ. ಬೆಂಗಳೂರಿನ ಕೋಟೆ ಪ್ರದೇಶದ್ದೇ ಇರಲಿ. ಹತ್ತಿರದಲ್ಲೇ 1900ರಿಂದ ಒಂದು ದಿನವೂ ರೋಗಿಗಳ ಕೊರತೆ ಕಾಣದ ವಿಕ್ಟೋರಿಯಾ, ಪಕ್ಕದಲ್ಲಿ ಹೆರಿಗೆಯ ವಾಣಿವಿಲಾಸ. ಅಪ್ಪ ಹೋಗಿ ನೋಡುತ್ತಾರೆ. ಗೇಟಿನ ಬಳಿ ಗಾಯಾಳುಗಳ ಸಾಲು, ಕಾರಿಡಾರಿನಲ್ಲಿ ಚಾಪೆ ಹಾಸಿದವರು, ಫಿನಾಯಿಲ್ ವಾಸನೆ, ಗದರುವ ಸಿಸ್ಟರ್. "ಇಲ್ಲಿ ಮಗೂನ ಬಿಡೋದಾ?" ಎಂದು ಅವರ ಕರುಳು ಹಿಂಡುತ್ತದೆ. ಗಾಜಿನ ಕಟ್ಟಡಕ್ಕೆ ವಾಪಸ್ ಬಂದು ಉಸಿರಾಡುತ್ತಾರೆ. ಎಷ್ಟು ಶಾಂತಿ! ಎಷ್ಟು ಸ್ವಚ್ಛ! ಒಬ್ಬನೇ ಒಬ್ಬ ರೋಗಿ ಕಾಣುವುದಿಲ್ಲ.

ಇದರ ಫಲ ಮೂರು ವರ್ಷದ ಮೇಲೆ ಕೇಸ್ ಬುಕ್ಕಿನಲ್ಲಿ ಕಾಣುತ್ತದೆ. ತಾನು ಮಾಡಿಸಿದ ಹೆರಿಗೆಗಳ ವಿವರವನ್ನು ವಿದ್ಯಾರ್ಥಿ ಬರೆದು ಸಹಿ ಹಾಕಿಸಬೇಕು. ಖಾಲಿ ಆಸ್ಪತ್ರೆಗೆ ದಾರಿ ತಪ್ಪಿ ಒಬ್ಬ ಬಸುರಿ ಬಂದರೆ ಇಡೀ ತರಗತಿಗೆ ಹಬ್ಬ. ಒಂದೇ ಮಗು ಅರವತ್ತು ಕೇಸ್ ಬುಕ್ಕಿನಲ್ಲಿ ಹುಟ್ಟುತ್ತದೆ. ಅರವತ್ತು ಜನ ಅದರ ತೂಕ ಬರೆಯುತ್ತಾರೆ, ಪರೀಕ್ಷಕರಿಗೆ ಸಂಶಯ ಬಾರದಿರಲೆಂದು ಒಬ್ಬೊಬ್ಬರು ಒಂದೊಂದು ತೂಕ.

ದೀಪ ಬೆಳಗುವ ಸಮಾರಂಭಕ್ಕೆ ಮಾತ್ರ ಎಲ್ಲೂ ಕೊರತೆಯಿಲ್ಲ. ಶಾಸಕರು, ಡ್ರೋನ್ ಕ್ಯಾಮೆರಾ, ಬಿಳಿ ಸಮವಸ್ತ್ರದ ಮಕ್ಕಳ ಕೈಯಲ್ಲಿ ದೀಪ, ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನಲ್ಲಿ ಪ್ರತಿಜ್ಞೆ. ಆ ತಾಯಿ 1860ರಲ್ಲಿ ಲಂಡನ್ನಿನಲ್ಲಿ ತನ್ನ ನರ್ಸಿಂಗ್ ಶಾಲೆಯನ್ನು ತೆರೆದದ್ದು ಸೇಂಟ್ ಥಾಮಸ್ ಆಸ್ಪತ್ರೆಯೊಳಗೆ, ರೋಗಿಗಳ ನಡುವೆ. ದೀಪಕ್ಕಿಂತ ಹೆಚ್ಚಾಗಿ ಆಕೆ ನಂಬಿದ್ದು ಅಂಕಿಅಂಶವನ್ನು. ಕ್ರಿಮಿಯಾ ಯುದ್ಧದಲ್ಲಿ ಸತ್ತ ಸೈನಿಕರನ್ನು ಲೆಕ್ಕ ಹಾಕಿ ಆಕೆ ಸುಧಾರಣೆ ತಂದಳು; ನಾವು ಇಲ್ಲದ ರೋಗಿಗಳನ್ನು ಲೆಕ್ಕ ಹಾಕಿ ಮಾನ್ಯತೆ ತರುತ್ತೇವೆ.

ಓದು ಮುಗಿದ ಮೇಲಿನ ಸಂಬಳದ ಮಾತನ್ನು ಅಡ್ಮಿಷನ್ ಆಫೀಸಿನಲ್ಲಿ ಯಾರೂ ರೂಪಾಯಿಯಲ್ಲಿ ಆಡುವುದಿಲ್ಲ, ಯೂರೋದಲ್ಲೇ ಆಡುತ್ತಾರೆ. ರೂಪಾಯಿಯ ಕಥೆ ಇದು: 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ನೇಮಿಸಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200ಕ್ಕಿಂತ ಹೆಚ್ಚು ಹಾಸಿಗೆ ಇದ್ದಲ್ಲಿ ಸರ್ಕಾರಿ ನರ್ಸಿನಷ್ಟೇ ಕೊಡಬೇಕು ಎಂದು ಶಿಫಾರಸು ಮಾಡಿತು. ನಿಮ್ಮ ಊರಿನ ನರ್ಸಿಂಗ್ ಹೋಮಿನಲ್ಲಿ ಡ್ರಿಪ್ ಹಾಕುವ ಹುಡುಗಿಯನ್ನು ಎಷ್ಟು ಬರುತ್ತದೆ ತಾಯಿ ಎಂದು ಒಮ್ಮೆ ಕೇಳಿ. ಅವಳು ನಕ್ಕರೆ, ಶಿಫಾರಸು ಎಲ್ಲಿದೆ ಎಂದು ನಿಮಗೆ ತಿಳಿಯುತ್ತದೆ.

ಮಗಳನ್ನೋ ಮಗನನ್ನೋ ಸೇರಿಸಲು ಹೊರಟಿರುವವರಲ್ಲಿ ನನ್ನದೊಂದು ಬಿನ್ನಹ. ಕಾಲೇಜಿನವರು ಕರೆದ ದಿನ ಹೋಗಬೇಡಿ. ಯಾವುದೋ ಒಂದು ಮಂಗಳವಾರ ಸಂಜೆ, ಹೇಳದೆ ಕೇಳದೆ, ಕಟ್ಟಡ ಬಿಟ್ಟು ನೇರವಾಗಿ ಅವರ ಆಸ್ಪತ್ರೆಗೆ ಹೋಗಿ. ಹೊರರೋಗಿ ವಿಭಾಗದಲ್ಲಿ ಒಂದು ಗಂಟೆ ಕೂತು, ಎಷ್ಟು ಜನ ಬಂದರು ನೋಡಿ. ಮೂರನೇ ವರ್ಷದ ಮಗುವೊಂದು ಸಿಕ್ಕರೆ, ಕಳೆದ ವಾರ ಎಷ್ಟು ಜನರಿಗೆ ಐವಿ ಹಾಕಿದೆ ಎಂದು ಕೇಳಿ. ಉತ್ತರ ಕೊಡುವ ಮುಂಚೆ ಅದು ಅತ್ತಿತ್ತ ನೋಡಿದರೆ ಎದ್ದು ಬನ್ನಿ. ಹೋಗುವಾಗ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಮಾತ್ರ ಒಯ್ಯಿರಿ. ಒರಿಜಿನಲ್ ಒಳಗೆ ಹೋದರೆ ಮಗಳು ಹೊರಗೆ ಬರುವುದು ಪೂರ್ತಿ ಫೀಸು ಕಟ್ಟಿದ ಮೇಲೆಯೇ.