ಮೂಗಿಗಿಂತ ಮೂಗುತಿ ಭಾರ

ಷೇರುಪೇಟೆಯ ವಾಲ್ಯೂಮ್ ಹೆಚ್ಚಿದೆ, ಆಳ ಹೆಚ್ಚಿದೆ ಎಂದು ಪೇಟೆ ಪಂಡಿತರು ಬೀಗುತ್ತಾರೆ. ಆಳದ ವಿಷಯದಲ್ಲಿ ಮುಳುಗಿದವರದ್ದೂ ತಕರಾರಿಲ್ಲ.

2000ದ ಜೂನ್‌ನಲ್ಲಿ ಇಂಡೆಕ್ಸ್ ಫ್ಯೂಚರ್ಸ್, ಮರುವರ್ಷ ಆಪ್ಷನ್ಸ್ ಬಂದಾಗ ಹೇಳಿದ ಕಾರಣ ಘನವಾದದ್ದೇ: ನಷ್ಟ ತಡೆಯಲಾರದವರ ಹೆಗಲಿಂದ ತಡೆಯಬಲ್ಲವರ ಹೆಗಲಿಗೆ ಅಪಾಯವನ್ನು ದಾಟಿಸುವುದು. ದಾಟಿಸುವ ಕೆಲಸ ಸಾಂಗವಾಗಿ ನಡೆದಿದೆ, ದಿಕ್ಕು ಮಾತ್ರ ಉಲ್ಟಾ. 2024ರಲ್ಲಿ ಪೇಟೆ ನಿಯಂತ್ರಕ ಸೆಬಿ ಕೊಟ್ಟ ಲೆಕ್ಕದಂತೆ, ಮೂರು ಹಣಕಾಸು ವರ್ಷಗಳಲ್ಲಿ ಈ ಫ್ಯೂಚರ್ಸ್-ಆಪ್ಷನ್ಸ್ (ಎಫ್ ಆಂಡ್ ಒ) ಆಟಕ್ಕೆ ಇಳಿದ ಒಂದು ಕೋಟಿಗೂ ಹೆಚ್ಚು ಬಿಡಿ ಟ್ರೇಡರ್‌ಗಳಲ್ಲಿ ಶೇ 93 ಮಂದಿ ಕೈಸುಟ್ಟುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಈ ಟ್ರೇಡರ್‌ಗಳಲ್ಲಿ ಮುಕ್ಕಾಲುಪಾಲು ಜನ ವರ್ಷಕ್ಕೆ 5 ಲಕ್ಷಕ್ಕಿಂತ ಕಡಿಮೆ ಆದಾಯ ತೋರಿಸಿದವರು. ಎದುರಿಗೆ ಕೂತು ಗೆದ್ದ ದೊಡ್ಡ ಸಂಸ್ಥೆಗಳ ಲಾಭದಲ್ಲಿ ಶೇ 95ಕ್ಕೂ ಹೆಚ್ಚು ಗಳಿಸಿಕೊಟ್ಟದ್ದು ಆಲ್ಗೊ ಯಂತ್ರ. ನಮ್ಮವರ ಕಡೆ ಇದ್ದದ್ದು ಟೆಲಿಗ್ರಾಂ ಗುರು.

ಆಪ್ಷನ್ಸ್ ಅವಧಿ ಮುಗಿಯುವ ಎಕ್ಸ್‌ಪೈರಿ ದಿನದ ಮಧ್ಯಾಹ್ನ ನೋಡಬೇಕು. ಎರಡೂವರೆಗೆ ಗುರುವಿನ ಅಪ್ಪಣೆಯಾಗುತ್ತದೆ: 'ಹೀರೋ-ಜೀರೋ ಟ್ರೇಡ್, ಎರಡು ರೂಪಾಯಿಗೆ ಕಾಲ್ ತಗೊಳ್ಳಿ'. ಮೂರೂಕಾಲಿಗೆ ಪ್ರೀಮಿಯಂ ಐದು ಪೈಸೆ. ಗುರು ಅಷ್ಟರಲ್ಲಿ ಮುಂದಿನ ವಾರದ ಪೇಯ್ಡ್ ಗ್ರೂಪಿನ ಲಿಂಕ್ ಹಾಕಿರುತ್ತಾನೆ.

ಷೇರಿನಿಂದ ಹುಟ್ಟಿದ ಆಪ್ಷನ್ನು ಷೇರನ್ನೇ ಕುಣಿಸುವ ಬಗೆ ತಿಳಿಯಬೇಕಾದರೆ 2024ರ ಜನವರಿ 17 ಸಾಕು. ಅಂದು ಬ್ಯಾಂಕ್ ನಿಫ್ಟಿ ಆಪ್ಷನ್ಸ್ ವಹಿವಾಟು, ಸೆಬಿಯ ಲೆಕ್ಕದಲ್ಲಿ, ಅದರೊಳಗಿನ ಬ್ಯಾಂಕ್ ಷೇರುಗಳ ನಗದು ವಹಿವಾಟಿನ 353 ಪಟ್ಟು. ಮೂಗುತಿ ಇಷ್ಟು ತೂಗಿದರೆ, ಮೂಗನ್ನು ಎತ್ತ ಬೇಕಾದರೂ ಎಳೆಯಬಹುದು. ಅಮೆರಿಕದ ಟ್ರೇಡಿಂಗ್ ಕಂಪನಿ ಜೇನ್ ಸ್ಟ್ರೀಟ್ ಅಂದು ಬೆಳಿಗ್ಗೆ ಷೇರು, ಫ್ಯೂಚರ್ಸ್ ಕೊಂಡು ಸೂಚ್ಯಂಕವನ್ನು ಎತ್ತಿ, ಆಮೇಲೆ ಮಾರಿ ಕೆಡವಿತು ಎಂಬುದು 2025ರ ಜುಲೈನ ಸೆಬಿ ಮಧ್ಯಂತರ ಆದೇಶದ ಆರೋಪ. ಅಂಗಡಿಯ ಮುಂಬಾಗಿಲಲ್ಲಿ 61 ಕೋಟಿ ಚೆಲ್ಲಿ, ಹಿತ್ತಲಿನ ಆಪ್ಷನ್ಸ್‌ನಲ್ಲಿ 734 ಕೋಟಿ ಬಾಚಿಕೊಂಡಿತಂತೆ. ತಪ್ಪೇ ಮಾಡಿಲ್ಲ ಎನ್ನುತ್ತದೆ ಕಂಪನಿ. ಇರಬಹುದು, ಆದರೆ ಅಂದಿನ ಏರಿಳಿತಕ್ಕೆ ಟಿವಿ ಪಂಡಿತರ ಬಳಿ ಸಿದ್ಧ ಉತ್ತರವೊಂದಿತ್ತು: 'ಹೂಡಿಕೆದಾರರ ಭಾವನೆ'.

ವಾಲ್ಯೂಮ್ ಕೂಡ ಭಾವನೆಯೇ. ಬೆಳಿಗ್ಗೆ ಕೊಂಡು ಮಾರಿ, ಮತ್ತೆ ಕೊಂಡು ಮಾರಿದ ಒಬ್ಬನೇ ಆಸಾಮಿ ಲೆಕ್ಕದಲ್ಲಿ ಜಾತ್ರೆಯಾಗುತ್ತಾನೆ. ಹೊಸ ಕಾರ್ಖಾನೆಗೆ ಬಿಡಿಗಾಸೂ ಹೋಗಿರುವುದಿಲ್ಲ. ಬ್ರೋಕರ್, ಎಕ್ಸ್‌ಚೇಂಜ್, ಸರ್ಕಾರಕ್ಕೆ ಮಾತ್ರ ಬಿಡಿಗಾಸಲ್ಲ: ಆ ಮೂರು ವರ್ಷಗಳಲ್ಲಿ ಬಿಡಿ ಟ್ರೇಡರ್‌ಗಳು ತೆತ್ತ ವಹಿವಾಟು ವೆಚ್ಚವೇ ಸುಮಾರು 50,000 ಕೋಟಿ. ಸೋತವನೂ ಕಟ್ಟಬೇಕು, ಗೆದ್ದವನೂ ಕಟ್ಟಬೇಕು. ಪೇಟೆಯಲ್ಲಿ ಏರಿಳಿತವೇ ಇಲ್ಲದ ವ್ಯಾಪಾರವೆಂದರೆ ಇದೊಂದೇ.

ಮದ್ದನ್ನೂ ಅರೆದಿದ್ದಾರೆ. 2024ರ ಅಕ್ಟೋಬರ್‌ನಿಂದ ವಹಿವಾಟಿನ ಮೇಲಿನ ತೆರಿಗೆ ಎಸ್‌ಟಿಟಿ ಏರಿತು. ಸಣ್ಣವರು ದೂರವಿರಲೆಂದು ನವೆಂಬರ್‌ನಲ್ಲಿ ಕನಿಷ್ಠ ಕಾಂಟ್ರ್ಯಾಕ್ಟ್ ಗಾತ್ರವನ್ನು 15 ಲಕ್ಷಕ್ಕೆ ಏರಿಸಿದರು. ಅದೇ ಹಣಕಾಸು ವರ್ಷದಲ್ಲಿ ಬಿಡಿ ಟ್ರೇಡರ್‌ಗಳು ಒಂದು ಲಕ್ಷ ಕೋಟಿಗೂ ಹೆಚ್ಚು ಕಳೆದುಕೊಂಡರು. ಇನ್ನು ಆ್ಯಪ್ ತೆರೆದರೆ ಕಡ್ಡಾಯ ಎಚ್ಚರಿಕೆ: ಹತ್ತರಲ್ಲಿ ಒಂಬತ್ತು ಮಂದಿಗೆ ನಷ್ಟ. ಓದಿ, 'ಒಪ್ಪಿದ್ದೇನೆ' ಎಂದು ಒತ್ತಿ, ಒಂಬತ್ತೂಕಾಲಿಗೆ ಒಳಗೆ ನುಗ್ಗುವ ಲಕ್ಷಾಂತರ ಮಂದಿಯೆಲ್ಲ ಹತ್ತನೆಯವರೇ.